ಒಂದುಸಿರಿನ ಕೀಲು

ನಮ್ಮೂರಿನಲ್ಲಿ ಸಂಜೆ ಹೊತ್ತು ಯಾರೂ ಯಾರಿಗೂ ಊಟವಾಯಿತೇ ಎಂದು ಕೇಳುವುದಿಲ್ಲ. 'ಮಡಚಿದ್ರೇನ್ರಿ?' ಎಂದು ಕೇಳುತ್ತಾರೆ. ಬೆಳಿಗ್ಗೆ ಎರಡು ಚಕ್ಕಡಿ ಪಕ್ಕಪಕ್ಕ ಹೋಗುವಷ್ಟು ಅಗಲವಿರುವ ನಮ್ಮ ಓಣಿಗಳು ಮಧ್ಯಾಹ್ನಕ್ಕೆ ಒಂದೇ ಚಕ್ಕಡಿಗೆ ಸಾಲುತ್ತವೆ. ಹೊತ್ತು ಇಳಿದಂತೆ ಗೋಡೆಗಳು ಇನ್ನೂ ಹತ್ತಿರ ಬಂದು, ದೀಪ ಹಚ್ಚುವ ವೇಳೆಗೆ ಗೋಡೆಗೆ ಗೋಡೆ ಕೂಡಿಬಿಡುತ್ತದೆ. ಕೋಳಿ ಕೂಗಿದ ಮೇಲೆ ಮತ್ತೆ ಬಿಡುತ್ತದೆ. ಹಾಗಾದರೆ ರಾತ್ರಿ ಮನೆಗಳು ದೊಡ್ಡವಾಗಬೇಕಲ್ಲ ಎಂದು ಪರವೂರಿನ ಜಾಣರು ಕೇಳುತ್ತಾರೆ. ಆಗುವುದಿಲ್ಲ. ಆಗಿದ್ದರೆ ನಾನು ನನ್ನ ಅಡುಗೆಮನೆಯಲ್ಲಿ ಕಾಲು ಚಾಚಿ ಮಲಗುತ್ತಿದ್ದೆ.

ಊರಿಗೆ ಹನ್ನೆರಡು ಓಣಿ. ನಡೆದು ಹೊರಟವನು ಕೆಲಸ ಮುಗಿಸಿಕೊಂಡು ಗೋಡೆ ಕೂಡುವುದರೊಳಗೆ ಮನೆ ಸೇರಬೇಕೆಂದರೆ ನಾಲ್ಕು ಓಣಿ ದಾಟಿದರೆ ಹೆಚ್ಚು. ಸೈಕಲ್ಲಿನವನಿಗೆ ಹನ್ನೆರಡೂ ಸಿಗುತ್ತವೆ. ಆದರೆ ಸಾದಾ ಸೈಕಲ್ಲಿನ ಆಟ ಇಲ್ಲಿ ನಡೆಯದು. ಸಂಜೆ ಹ್ಯಾಂಡಲ್ಲಿನ ಎರಡೂ ತುದಿ ಗೋಡೆಗೆ ತಾಗಿದ ಕೂಡಲೇ ಇಳಿದು, ಸೈಕಲ್ಲನ್ನು ಮಡಚಿ ಹೆಗಲಿಗೆ ಹಾಕಿಕೊಂಡು, ಅಡ್ಡಡ್ಡ ನಡೆದು ಮನೆ ಸೇರಬೇಕು. ತಾಗಿದ ಮೇಲೆ ಉಳಿಯುವುದು ಒಂದು ಉಸಿರು ಹಿಡಿದು ಬಿಡುವಷ್ಟು ಹೊತ್ತು. ಅಷ್ಟರಲ್ಲಿ ಮಡಚದಿದ್ದರೆ ಸೈಕಲ್ಲು ಎರಡು ಗೋಡೆಗಳ ನಡುವೆ ಬೆಣೆಯಂತೆ ಕೂತುಬಿಡುತ್ತದೆ. ಆಮೇಲೆ ಗೋಡೆ ತನ್ನ ಪಾಡಿಗೆ ತಾನು ಅದನ್ನು ಅರೆಯುತ್ತದೆ.

ಆ ಮಡಚುವ ಜಾಗದ ಕೀಲು ಮಾಡುವವನು ನಾನು, ಮೋನಪ್ಪ. ಮೊದಲನೇ ಓಣಿಯಲ್ಲಿ, ಊರ ಅಗಸಿ ಬಾಗಿಲ ಪಕ್ಕ, ನಮ್ಮಪ್ಪ ಕಾಳಪ್ಪ ಕಟ್ಟಿದ ಕುಲುಮೆ. ಸೈಕಲ್ಲಿನ ನಡುವಿನ ಪೈಪನ್ನು ಕೊಯ್ದು ಅಲ್ಲಿ ಕೀಲು ಕೂರಿಸುತ್ತೇವೆ. ಕೀಲಿನೊಳಗೊಂದು ನಾಲಿಗೆ ಇರುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ನಾಲಿಗೆ ಹಿಂದೆ ಸರಿಯುತ್ತದೆ, ಸೈಕಲ್ಲು ಎರಡಾಗಿ ಮಡಚಿಕೊಳ್ಳುತ್ತದೆ, ನಾಲಿಗೆ ತಾನಾಗಿ ಟಕ್ಕೆಂದು ಬಿದ್ದು ಹಿಡಿದುಕೊಳ್ಳುತ್ತದೆ. ನಾಲಿಗೆ ಒಳ್ಳೆಯ ಉಕ್ಕಿನದಾದರೆ ಇಷ್ಟೂ ಒಂದೇ ಉಸಿರಿನಲ್ಲಿ ಮುಗಿಯುತ್ತದೆ. ಅದಕ್ಕೆ ಒಂದುಸಿರಿನ ಕೀಲು ಎನ್ನುತ್ತೇವೆ. ಕೊಳ್ಳುವವರು ಕುಲುಮೆಯ ಮುಂದೆ ನಿಂತು, ಉಸಿರು ಹಿಡಿದು, ತಮ್ಮ ಕೈಯಾರೆ ಮಡಚಿ ನೋಡಿ, ಆಮೇಲೆ ಉಸಿರು ಬಿಟ್ಟು ನನಗೆ ಎಲೆಯಡಿಕೆ ಕೊಡುವುದು ಪದ್ಧತಿ. ಸಾದಾ ಕಬ್ಬಿಣದ ನಾಲಿಗೆಯಾದರೆ ತಾನಾಗಿ ಬೀಳುವುದಿಲ್ಲ, ಮತ್ತೊಮ್ಮೆ ಬೆರಳು ಹಾಕಿ ಕೂರಿಸಬೇಕು. ಅದು ಎರಡುಸಿರಿನ ಕೀಲು. ಅಂಥದ್ದನ್ನು ಹಾಕಿಕೊಂಡವರು ಹ್ಯಾಂಡಲ್ ತಾಗುವವರೆಗೆ ಕಾಯದೆ ಬಹಳ ಮೊದಲೇ ಇಳಿದು ಮಡಚಬೇಕು, ಹಾಗಾಗಿ ದೂರದ ಓಣಿಗಳು ಅವರಿಗಿಲ್ಲ. ಅಪ್ಪ ಅದನ್ನು ಮಕ್ಕಳ ಸೈಕಲ್ಲಿಗೆ ಮಾತ್ರ ಹಾಕುತ್ತಿದ್ದ.

ಮನೆ ಸೇರಿದವರು ಸೈಕಲ್ಲನ್ನು ಬಾಗಿಲ ಹಿಂದಿನ ಗೂಟಕ್ಕೆ ತೂಗುಹಾಕಿ, ಗೋಡೆಯಾಚೆಯ ಮನೆಗೆ ಕೂಗುತ್ತಾರೆ: 'ಮಡಚಿದ್ರೇನ್ರಿ?' ಆ ಮನೆಯವರು 'ಮಡಚೀವ್ರಿ' ಎಂದು, ತಮ್ಮಾಚೆಯ ಮನೆಗೆ ಕೇಳುತ್ತಾರೆ. ಹೀಗೆ ಆ ಕೂಗು ಮೊದಲನೇ ಓಣಿಯಿಂದ ಹೊರಟು ಹನ್ನೆರಡನೆಯದನ್ನು ಮುಟ್ಟುತ್ತಿತ್ತು. ಒಂದು ಮನೆಯಿಂದ ಉತ್ತರ ಬರದಿದ್ದರೆ ಊರಿಗೆ ಊರೇ ತುತ್ತು ಎತ್ತುತ್ತಿರಲಿಲ್ಲ. ಸತ್ತವರ ಸೈಕಲ್ಲನ್ನು ಮಾತ್ರ ನಾವು ಮಡಚುವುದಿಲ್ಲ. ಮಣ್ಣು ಮಾಡಿ ಬಂದ ದಿನ ಸಂಜೆ ಅದನ್ನು ಬಿಚ್ಚಿ ಓಣಿಯಲ್ಲಿ ನಿಲ್ಲಿಸುತ್ತೇವೆ. ಕೀಲುಗಾರ ಹೋಗಿ ಕೀಲಿಗೆ ಪುಕ್ಕಟೆ ಎಣ್ಣೆ ಬಿಟ್ಟು ಬರುತ್ತಾನೆ, ಹೋಗುವಾಗ ಸದ್ದು ಮಾಡದಿರಲಿ ಎಂದು. ಬೆಳಿಗ್ಗೆ ಅದು ತಗಡಾಗಿರುತ್ತದೆ.

ಈ ಸೈಕಲ್ಲುಗಳ ಬೆಲೆ ಏರಿತಲ್ಲ, ಅದನ್ನು ಯಾರೂ ಏರಿಸಲಿಲ್ಲ. ಕೇಳಿದರೆ ಎಲ್ಲರೂ ಹಾಗೇ ಹೇಳುತ್ತಾರೆ, ನಾನೂ ಸೇರಿ. ಉಕ್ಕು ತರುತ್ತಿದ್ದವರು ಚನ್ನಮಲ್ಲ ಶೆಟ್ಟರು. ಊರೊಳಗೆ ಬರಲು ಹೆದರಿ, ಅಗಸಿಯ ಹೊರಗೇ ಗಾಡಿ ನಿಲ್ಲಿಸಿ ವ್ಯಾಪಾರ ಮಾಡುತ್ತಿದ್ದ ಮನುಷ್ಯ. ಒಂದು ವರ್ಷ ಅವರು, 'ಮೋನಪ್ಪಾ, ಉಕ್ಕು ಈ ಸಲ ತುಟ್ಟಿ ಆಗೈತಿ ನೋಡು' ಎಂದರು. ನಾನು ಸೈಕಲ್ಲಿನ ಬೆಲೆ ಸ್ವಲ್ಪ ಏರಿಸಿದೆ. ತಿಂಗಳಿಗೆ ಹತ್ತು ಸೈಕಲ್ಲು ಹೋಗುತ್ತಿದ್ದದ್ದು ಆರಕ್ಕೆ ಇಳಿಯಿತು. ಮುಂದಿನ ಸಲ ಶೆಟ್ಟರು, 'ನೀ ಇಷ್ಟೇ ಸಾಕು ಅಂದ್ರ ಗಾಡಿ ಬಾಡಿಗಿ ಯಾರ ತಲಿ ಮ್ಯಾಲೆ ಹಾಕ್ಲಿ?' ಎಂದು ಇನ್ನಷ್ಟು ಏರಿಸಿದರು. ನಾನೂ ಏರಿಸಿದೆ. ಆರು ಮೂರಾಯಿತು. ಮೂರಕ್ಕೆ ಅವರು ಮತ್ತೆ ಏರಿಸಿದರು. ಒಂದು ಆಡಿನ ಬೆಲೆಗೆ ಸಿಗುತ್ತಿದ್ದ ಸೈಕಲ್ಲು ನಾಲ್ಕೇ ವರ್ಷದಲ್ಲಿ ಕರೆಯುವ ಎಮ್ಮೆಯ ಬೆಲೆಗೆ ಬಂದು ನಿಂತಿತು. ಕೊಳ್ಳುವವರಿಲ್ಲದ್ದಕ್ಕೆ ತುಟ್ಟಿ, ತುಟ್ಟಿಯಾದದ್ದಕ್ಕೆ ಕೊಳ್ಳುವವರಿಲ್ಲ. ನಾನೂ ಶೆಟ್ಟರೂ ಅಗಸಿಯ ಬಾಗಿಲಲ್ಲಿ ನಿಂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ಜನ ಹೊಂದಿಕೊಂಡರು. ಜನರ ಈ ಗುಣ ನೋಡಿದರೆ ನನಗೆ ಒಂದೊಂದು ಸಲ ಸಿಟ್ಟು ಬರುತ್ತದೆ. ಮೊದಲು, ಹಳೆಯ ಸೈಕಲ್ಲೇ ಸಾಕು ಎಂದರು. ಆಮೇಲೆ ಸತ್ತವರ ಸೈಕಲ್ಲನ್ನು ಓಣಿಯಲ್ಲಿ ನಿಲ್ಲಿಸುವುದು ಬಿಟ್ಟು, ಮಡಚಿ ಒಳಗಿಟ್ಟುಕೊಂಡು ಮಾರತೊಡಗಿದರು. ಅವೂ ಸವೆದ ಮೇಲೆ ನಡೆದರು. ಒಂಬತ್ತನೇ ಓಣಿಯಿಂದ ಬರುತ್ತಿದ್ದ ಮಾಸ್ತರರು ಎರಡನೇ ಓಣಿಯ ಶಾಲೆಗೆ ಬರುವುದು ನಿಂತಿತು. ನಮ್ಮ ಓಣಿಗೆ ಮದುವೆಯಾಗಿ ಬಂದ ಹೆಂಗಸೊಬ್ಬಳು, ಎಂಟನೇ ಓಣಿಯ ಅವಳ ತಾಯಿ, ಇಬ್ಬರೂ ಬೆಳಿಗ್ಗೆ ಎದ್ದು ನಡೆದು ನಡುವಿನ ಓಣಿಯೊಂದರ ಕಟ್ಟೆಯ ಮೇಲೆ ಕೂತು ಒಂದಷ್ಟು ಅತ್ತು ತಿರುಗಿ ಹೋಗುತ್ತಿದ್ದರು. ಒಂದು ವರ್ಷದ ಮೇಲೆ ಅದೂ ನಿಂತಿತು. ಸಂಜೆಯ ಕೂಗಿಗೆ ಸೈಕಲ್ಲಿಲ್ಲದವರು ಮೊದಮೊದಲು, 'ಏನ್ ಮಡಚೋದ್ರಿ, ಕೈಯೋ ಕಾಲೋ?' ಎಂದು ನಗಾಡುತ್ತಿದ್ದರು. ಬರುಬರುತ್ತಾ ಓ ಎನ್ನುವುದನ್ನೇ ಬಿಟ್ಟರು.

ಇಷ್ಟಾದರೂ ಹನ್ನೆರಡೂ ಓಣಿಗಳನ್ನು ಬಿಡದೆ ತಿರುಗುತ್ತಿದ್ದವಳು ನನ್ನ ಅಕ್ಕ ಕಾಶವ್ವ. ಊರಿನ ಸೂಲಗಿತ್ತಿ. ಅವ್ವ ಹೋದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿನಾಲ್ಕು. ನನ್ನ ಮೂಗು ಒರೆಸಿ, ಬೆನ್ನಿಗೆ ಗುದ್ದಿ, ಉಣ್ಣಿಸಿ ದೊಡ್ಡವನನ್ನಾಗಿ ಮಾಡಿದವಳು ಅವಳು. ಗಂಡ ತೀರಿಕೊಂಡ ಮೇಲೆ ನನ್ನ ಪಕ್ಕದ ಮನೆಗೇ ಬಂದು ನಿಂತಳು. ನನ್ನ ಹೆಂಡತಿ ಹೋಗಿ ಏಳು ವರ್ಷವಾಯಿತು. ಹಾಗಾಗಿ ಎರಡು ಮನೆ, ಎರಡು ಜೀವ, ನಡುವೆ ಒಂದು ಗೋಡೆ. ಸಂಜೆ ನಾನು ಆ ಗೋಡೆಗೆ ಬಾಯಿ ಹಚ್ಚಿ 'ಅಕ್ಕಾ, ಮಡಚಿದೇನು?' ಎಂದರೆ ಅವಳು 'ಮಡಚೀನೋ, ಹೊಯ್ಕೋಬ್ಯಾಡ' ಎಂದು ಬೈಯುತ್ತಿದ್ದಳು, ಆಮೇಲೇ ನನಗೆ ಊಟ ಸೇರುತ್ತಿತ್ತು.

ಒಂದು ಬೆಳಿಗ್ಗೆ ಅವಳು ಸೈಕಲ್ಲು ತಳ್ಳಿಕೊಂಡು ಕುಲುಮೆಗೆ ಬಂದಳು.

'ತಮ್ಮಾ, ನಾಲಿಗಿ ಸವದೈತಿ. ಹೊಸಾ ಕೀಲು ಹಾಕು. ಒಂದುಸಿರಿಂದು.'

ನಾನು ಬೆಲೆ ಹೇಳಲು ನಾಚಿ, 'ತಗೊಂಡು ಹೋಗಕ್ಕಾ, ರೊಕ್ಕ ಯಾರು ಕೇಳ್ಯಾರು' ಎಂದೆ.

'ಪುಕ್ಕಟೆ ಕೈ ಹಚ್ಚೋದು ಸತ್ತವರ ಸೈಕಲ್ಲಿಗೆ. ನಾ ಇನ್ನೂ ಅದೀನಿ' ಎಂದು ಅವಳು ಸೆರಗಿನ ಗಂಟು ಬಿಚ್ಚಿ ಇದ್ದದ್ದನ್ನು ಅಡಿಗಲ್ಲಿನ ಮೇಲೆ ಇಟ್ಟಳು. ನಡೆಯುತ್ತಿದ್ದ ಬೆಲೆಗೆ ಅದು ಅರ್ಧವೂ ಆಗುತ್ತಿರಲಿಲ್ಲ. 'ಇಷ್ಟೈತಿ. ಆಗತೈತೋ ಇಲ್ಲೋ ಹೇಳು.'

'ಇಷ್ಟಕ್ಕ ಎರಡುಸಿರಿಂದು ಬರತೈತಿ ನೋಡು.'

'ಎರಡುಸಿರಿಂದು ಇಟ್ಕೊಂಡು ಹನ್ನೆರಡನೇ ಓಣಿಗೆ ಹೆಂಗ ಹೋಗ್ಲಿ? ಕೂಸು ನನ್ನ ಸಲುವಾಗಿ ಕಾಯತೈತೇನು?'

ಉಕ್ಕೇ ಇಲ್ಲ ಎಂದು ಹೇಳಬೇಕಿತ್ತು. ಶೆಟ್ಟರ ಗಾಡಿ ಬಂದು ಮೂರು ತಿಂಗಳಾಗಿತ್ತು; ಕುಲುಮೆಯಲ್ಲಿ ಉಗುರಿನಷ್ಟು ಉಕ್ಕಿರಲಿಲ್ಲ. ಆದರೆ ಕಾಳಪ್ಪನ ಮಗನ ಕುಲುಮೆಯಲ್ಲಿ ಉಕ್ಕಿಲ್ಲ ಎಂದು ಕಾಳಪ್ಪನ ಮಗಳಿಗೆ ಹೇಳಲು ಬಾಯಿ ಬರಲಿಲ್ಲ. 'ಆಗತೈತಿ ಬಿಡು' ಎಂದುಬಿಟ್ಟೆ.

ಒಂದು ಕಡೆ ಮಾತ್ರ ಉಕ್ಕಿತ್ತು, ಅದನ್ನು ಹೇಳದೆ ಮುಂದೆ ಹೋಗಲಾರೆ. ನನ್ನ ಸ್ವಂತ ಸೈಕಲ್ಲಿನಲ್ಲಿ ಅಪ್ಪ ಕೊನೆಗಾಲದಲ್ಲಿ ಮಾಡಿದ ಒಂದುಸಿರಿನ ಕೀಲು ಇತ್ತು. ಬಾಗಿಲ ಹಿಂದೆ ಗೂಟಕ್ಕೆ ತೂಗುತ್ತಿತ್ತು. ನಾನು ಅದನ್ನು ನೋಡಿದೆ. ಬಹಳ ಹೊತ್ತು ನೋಡಿದೆ. ಕೀಲುಗಾರನೇ ಎರಡುಸಿರಿನ ಸೈಕಲ್ಲು ಹತ್ತಿದರೆ ಗಿರಾಕಿ ಬಂದಾನೇ ಎಂದುಕೊಂಡೆ. ಹೊಸ ಕಬ್ಬಿಣ ಒಂದೆರಡು ತಿಂಗಳು ಉಕ್ಕಿನ ಹಾಗೇ ಕೆಲಸ ಮಾಡುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಶೆಟ್ಟರು ಬರುತ್ತಾರೆ, ಸದ್ದಿಲ್ಲದೆ ಬದಲಾಯಿಸಿಬಿಡುತ್ತೇನೆ ಎಂದೂ ಅಂದುಕೊಂಡೆ. ಆಮೇಲೆ ಸಾದಾ ಕಬ್ಬಿಣವನ್ನು ಕಾಯಿಸಿ, ಬಡಿದು, ಎಣ್ಣೆಯಲ್ಲಿ ಅದ್ದಿ ನಾಲಿಗೆ ಮಾಡಿ, ಗುರುತು ಸಿಗದಿರಲೆಂದು ಕೀಲಿಗೆಲ್ಲ ಕರೀ ಬಣ್ಣ ಬಳಿದೆ.

ಮಡಚಿ ನೋಡಲು ಅಕ್ಕ ಕೈ ಚಾಚಿದಳು. ಅಷ್ಟರಲ್ಲಿ ಏನನ್ನಿಸಿತೋ, ಕೈ ಹಿಂದೆ ತೆಗೆದುಕೊಂಡಳು. 'ನೀ ಮಾಡಿದ್ದಲ್ಲೇನು, ನಾ ಏನ್ ನೋಡೋದು? ನೀನೇ ಮಡಚಿ ತೋರ್ಸು, ಸಾಕು' ಎಂದು ಉಸಿರು ಹಿಡಿದು ನಿಂತಳು. ನಲವತ್ತು ವರ್ಷ ಪಳಗಿದ ಕೈ ನನ್ನದು. ಹೆಬ್ಬೆರಳಿನಿಂದ ಒತ್ತಿ ಮಡಚಿದೆ, ತಾನಾಗಿ ಬಿದ್ದೀತೆಂಬ ನಂಬಿಕೆ ಸಾಲದೆ ಯಾರಿಗೂ ಕಾಣದಂತೆ ಕಿರುಬೆರಳಿನಿಂದ ನಾಲಿಗೆಯನ್ನು ಕೂರಿಸಿದೆ. ಟಕ್ಕೆಂದಿತು. ಅಕ್ಕ ಉಸಿರು ಬಿಟ್ಟಳು. 'ಅಪ್ಪನ ಕೈ ಬಂದೈತಿ ನೋಡು ನಿನಗ' ಎಂದು ಎಲೆಯಡಿಕೆ ಕೊಟ್ಟಳು. ನಾನು ಅದನ್ನು ತಿಂದೆ.

ಕಾಶವ್ವನಿಗೆ ಅರ್ಧ ಬೆಲೆಗೆ ಒಂದುಸಿರಿನ ಕೀಲು ಸಿಕ್ಕಿತಂತೆ ಎಂಬ ಸುದ್ದಿ ಹಬ್ಬಲು ಎಷ್ಟು ಹೊತ್ತು? ಜನ ಬಂದರು. ಆಗುವುದಿಲ್ಲ ಎಂದರೆ ಅಕ್ಕನದ್ದು ಹೇಗಾಯಿತು ಎಂಬ ಮಾತು ಏಳುತ್ತಿತ್ತು. ಹಾಗಾಗಿ ಅವರಿಗೂ ಕರೀ ಬಣ್ಣ ಬಳಿದೆ, ಎಣ್ಣೆ ಜಾಸ್ತಿ ಬಿಟ್ಟೆ, ಹೊಸದರಲ್ಲಿ ಮೃದುವಾಗಿ ಬೀಳುವಂತೆ ತಿಕ್ಕಿಕೊಟ್ಟೆ. ಹನ್ನೊಂದು ಜನ. ಬಹಳ ದಿನಗಳ ಮೇಲೆ ಕುಲುಮೆ ತುಂಬಿತ್ತು, ತಿದಿ ಒತ್ತಿ ಒತ್ತಿ ತೋಳು ನೋಯುತ್ತಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ, ಖುಷಿಯಾಗಿದ್ದೆ. ಎರಡು ತಿಂಗಳು ಯಾರಿಗೂ ಏನೂ ಆಗಲಿಲ್ಲ. ಶೆಟ್ಟರೂ ಬರಲಿಲ್ಲ.

ಆ ದಿನ ಬೆಳಿಗ್ಗೆ ಹನ್ನೆರಡನೇ ಓಣಿಯ ರಾಜೇಸಾಬ ಅಕ್ಕನನ್ನು ಕರೆಯಲು ಬಂದ. ಹನ್ನೊಂದು ಜನರಲ್ಲಿ ಅವನೂ ಒಬ್ಬ. ಹೆಂಡತಿ ಹುಸೇನಬಿಗೆ ದಿನ ತುಂಬಿದಾಗ ಸೂಲಗಿತ್ತಿಯನ್ನು ಕರೆತರಬೇಕೆಂದೇ ಎಮ್ಮೆಗರು ಮಾರಿ ಸೈಕಲ್ಲು ಕೊಂಡವನು. ಇಬ್ಬರೂ ಸೈಕಲ್ಲು ಹತ್ತಿ ಹೋದರು. ಕೂಸಿನ ಕೊರಳಿಗೆ ಕರುಳುಬಳ್ಳಿ ಸುತ್ತಿಕೊಂಡಿತ್ತಂತೆ. ಬಿಡಿಸಿ, ಬೆನ್ನು ತಟ್ಟಿ, ಅಳಿಸುವ ಹೊತ್ತಿಗೆ ಹೊತ್ತು ಇಳಿದಿತ್ತು. ಇವತ್ತೊಂದು ದಿನ ಇಲ್ಲೇ ಇರಿ ಎಂದು ಅವರೆಲ್ಲ ಕೈ ಹಿಡಿದರಂತೆ. ಮರುದಿನ ಬೆಳಬೆಳಿಗ್ಗೆ ನಮ್ಮ ಓಣಿಯಲ್ಲೊಬ್ಬಳು ಹೆರುವವಳಿದ್ದಳು. 'ಒಂದುಸಿರಿಂದೈತಿ ನನ್ನ ಸೈಕಲ್ಲು, ಮುಟ್ಟತೀನಿ' ಎಂದು ಅಕ್ಕ ಹೊರಟಳಂತೆ.

ನಾನು ಸಂಜೆ ಗೋಡೆಗೆ ಬಾಯಿ ಹಚ್ಚಿ 'ಅಕ್ಕಾ, ಮಡಚಿದೇನು?' ಎಂದೆ. ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ಆಗ ಓಣಿಯಿಂದ ಕಿರುಚಿದ ಸದ್ದು ಬಂತು. ಅವಳ ದನಿ ಎಂದು ನನಗೆ ತಿಳಿಯಲೇ ಇಲ್ಲ, ಅವಳು ಕಿರುಚಿದ್ದನ್ನು ನಾನು ಎಂದೂ ಕೇಳಿರಲಿಲ್ಲ.

ನಮ್ಮ ಬಾಗಿಲಿಂದ ಹತ್ತೇ ಹೆಜ್ಜೆ. ಹ್ಯಾಂಡಲ್ ತಾಗಿದೆ, ಇಳಿದಿದ್ದಾಳೆ, ಉಸಿರು ಹಿಡಿದು ಮಡಚಿದ್ದಾಳೆ. ನಾಲಿಗೆ ಬಿದ್ದಿಲ್ಲ. ಸೈಕಲ್ಲು ಮತ್ತೆ ಬಿಚ್ಚಿಕೊಂಡಿದೆ. ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದು ಮತ್ತೆ ಮಡಚುತ್ತಿರುವಾಗ ಗೋಡೆ ಕೈಗಳ ಮೇಲೆ ಬಂದಿದೆ. ಎದುರು ಮನೆಯ ಹೆಂಗಸರು ಅವಳ ಸೊಂಟ ಹಿಡಿದು ಬಾಗಿಲೊಳಗೆ ಎಳೆದುಕೊಂಡರು. ಬಲಗೈ ಮಣಿಕಟ್ಟಿನವರೆಗೂ ಹೋಯಿತು. ಎಡಗೈಯಲ್ಲಿ ಎರಡು ಬೆರಳು ಉಳಿದವು. ಆ ಕೈಗಳು ಹಿಡಿಯದ ಕೂಸು ನಮ್ಮೂರಲ್ಲಿ ಯಾವುದಿತ್ತು?

ಬೆಳಿಗ್ಗೆ ಓಣಿ ಬಿಟ್ಟ ಕೂಡಲೇ ಎಲ್ಲರಿಗಿಂತ ಮೊದಲು ನಾನು ಹೊರಗೆ ಬಂದೆ. ಸೈಕಲ್ಲು ರೊಟ್ಟಿಯ ಹಾಗೆ ಚಪ್ಪಟೆಯಾಗಿ ಬಿದ್ದಿತ್ತು. ಕೀಲಿನ ಕರೀ ಬಣ್ಣ ಕಿತ್ತುಹೋಗಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಅಕ್ಕ ಎದುರು ಮನೆಯೊಳಗೆ ನರಳುತ್ತಿದ್ದಳು, ನಾನು ಆ ತಗಡನ್ನು ಎತ್ತಿಕೊಂಡು ಹೋಗಿ ಕುಲುಮೆಯ ಇದ್ದಿಲ ರಾಶಿಯಲ್ಲಿ ಹುಗಿದೆ. ನಾನು ಮಾಡಿದ ಕೆಲಸಗಳಲ್ಲಿ ಇದೇ ಹೆಚ್ಚು ಹೊಲಸು.

ಅವಳನ್ನು ನನ್ನ ಮನೆಗೆ ತಂದು ಮಲಗಿಸಿದೆ. ಜನ ನೋಡಲು ಬಂದರು. ಏನಾಯಿತು, ಹೇಗಾಯಿತು ಎಂದು ಕೇಳಿದರು. ನಾನು ರೊಟ್ಟಿಯ ತಾಟು ಹಿಡಿದು ಮೂಲೆಯಲ್ಲಿ ನಿಂತಿದ್ದೆ. ಅಕ್ಕ ನನ್ನ ಕಡೆ ನೋಡದೆ, 'ನಾನೇ ತಡಾ ಮಾಡಿದೆ. ಹ್ಯಾಂಡಲ್ ತಾಗಿದ್ದು ಗೊತ್ತಾಗಲಿಲ್ಲ. ವಯಸ್ಸಾತಲ್ಲ' ಎಂದಳು. ಎಲ್ಲರೂ ಲೊಚಗುಟ್ಟಿದರು. ಹೋಗುವಾಗ ಒಬ್ಬ ನನ್ನ ಬೆನ್ನು ಸವರಿ, 'ಕೀಲಿಗೇನಾಗಿತ್ತಪಾ, ಪಾಪ, ಆಕಿನೇ ತಡಾ ಮಾಡ್ಯಾಳ. ನನಗೂ ಒಂದು ಅಂಥಾದ್ದೇ ಹಾಕಿಕೊಡು' ಎಂದ. ಹೂಂ ಎಂದೆ. ಆದರೆ ಮಾಡಲು ಕೈ ಏಳಲಿಲ್ಲ.

ನಾಲ್ಕನೇ ದಿನ ಉಣ್ಣಿಸುತ್ತಿದ್ದಾಗ ಅವಳು ಕೇಳಿದಳು: 'ಅಪ್ಪನ ಕೀಲು ಇನ್ನೂ ನಿನ್ನ ಸೈಕಲ್ನಾಗೇ ಐತೇನು?'

'ಐತಿ.'

ಅವಳು ಮುಂದಿನ ತುತ್ತಿಗೆ ಬಾಯಿ ತೆರೆದಳು. ಬೈದಿದ್ದರೆ, ಉಳಿದೆರಡು ಬೆರಳಿನಿಂದ ನನ್ನ ಕಪಾಳಕ್ಕೆ ಬಾರಿಸಿದ್ದರೆ ಕಾಲಿಗೆ ಬಿದ್ದು ಅತ್ತು ಹಗುರಾಗುತ್ತಿದ್ದೆ. ಅವಳು ಅಗಿಯುತ್ತಿದ್ದಳು, ನಾನು ನೋಡುತ್ತಿದ್ದೆ. ಕರೀ ಬಣ್ಣದ ಸೈಕಲ್ಲು ಹತ್ತಿ ಊರಲ್ಲಿ ಓಡಾಡುತ್ತಿರುವ ಹನ್ನೊಂದು ಜನರ ಕೈಗಳು ನನ್ನ ಕಣ್ಣ ಮುಂದೆ ಬಂದವು.

ಅಂದು ಸಂಜೆ ಇನ್ನೊಂದು ಪಕ್ಕದ ಮನೆಯಿಂದ 'ಮಡಚಿದ್ರೇನ್ರಿ?' ಎಂದು ಕೂಗು ಬಂದಾಗ ನಾನು 'ಮಡಚೀವ್ರಿ' ಎನ್ನಲಿಲ್ಲ. ಗೋಡೆಗೆ ಬಾಯಿ ಹಚ್ಚಿ ಗಂಟಲು ಹರಿಯುವಂತೆ ಕೂಗಿದೆ. 'ಕೇಳ್ರಿ! ಈ ಎರಡು ತಿಂಗಳಾಗ ನಾ ಹಾಕಿಕೊಟ್ಟ ಕರೀ ಕೀಲೆಲ್ಲಾ ಎರಡುಸಿರಿಂದು. ಕಬ್ಬಿಣ. ಹ್ಯಾಂಡಲ್ ತಾಗೂಕಿಂತ ಮೊದಲ, ಲಗೂ ಇಳಿದು ಮಡಚ್ರಿ. ಅಕ್ಕ ತಡಾ ಮಾಡಿಲ್ಲ. ತಪ್ಪು ನಂದು. ಮುಂದಿನ ಮನಿಗೆ ಹೇಳ್ರಿ!' ಆಮೇಲೆ ನನ್ನ ಮಾತು ಅಲ್ಲಿಂದ ಮುಂದಿನ ಮನೆಗೆ, ಅಲ್ಲಿಂದ ಅದರಾಚೆಗೆ ಹೋಗುವುದು ಕೇಳಿಸಿತು. ನಡುನಡುವೆ ನನ್ನ ವಂಶಕ್ಕೆಲ್ಲ ಸೇರುವಂಥ ಬೈಗುಳಗಳೂ ಹೊರಟವು. ಸ್ವಲ್ಪ ಹೊತ್ತಾದ ಮೇಲೆ ಅದೇ ದಾರಿಯಲ್ಲಿ ತಿರುಗಿ ಉತ್ತರ ಬಂತು: 'ನಾಲ್ಕನೇ ಓಣಿ ತನಕಾ ಮುಟ್ಟೈತಿ. ಮುಂದ ಯಾರೂ ಓ ಅನ್ನವಲ್ರು.'

ಅನ್ನುವವರು ಯಾರು? ಐದನೇ ಓಣಿಯಲ್ಲಿ ಗೂಟಗಳೆಲ್ಲ ಖಾಲಿ. ಮಡಚಲು ಏನೂ ಇಲ್ಲದವರು ಕೂಗು ಕೇಳಿಸಿದರೂ ತಮಗಲ್ಲ ಎಂದು ಸುಮ್ಮನಿರುತ್ತಾರೆ. ಸೈಕಲ್ಲು ತುಟ್ಟಿಯಾದರೆ ಕಾಲು ನಿಲ್ಲುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಮಾತೂ ನಿಂತುಹೋಗಿತ್ತು. ಹನ್ನೊಂದರಲ್ಲಿ ಏಳು ಜನರಿಗೆ ಸುದ್ದಿ ಮುಟ್ಟಿತ್ತು. ನಾಲ್ಕು ಜನ ಆಚೆ ಉಳಿದಿದ್ದರು.

ಬೆಳಿಗ್ಗೆ ಅಕ್ಕನ ಬಾಯಿಗೆ ನಾಲ್ಕು ತುತ್ತು ಹಾಕಿ, ಸಂಜೆ ಬಂದು ಉಣಿಸುತ್ತೇನೆ ಎಂದು ಹೇಳಿ, ಅಪ್ಪನ ಕೀಲಿನ ಸೈಕಲ್ಲು ಹತ್ತಿ ಹೊರಟೆ. ಆರನೇ ಓಣಿಯ ಬಡಗಿ ನಾನು ಹೇಳಿದ್ದನ್ನು ಪೂರ್ತಿ ಕೇಳಿ, ಎದ್ದು ಬಂದು ನನ್ನ ಮುಖಕ್ಕೆ ಉಗಿದು ಒಳಗೆ ಹೋದ. ಎಂಟನೇ ಓಣಿಯವನು ರೊಕ್ಕ ತಿರುಗಿ ಕೊಡು ಎಂದ, ಕೊಟ್ಟೆ. ಒಂಬತ್ತನೇ ಓಣಿಯಲ್ಲಿ ಬಳೆಗಾರತಿ ಚಂದ್ರವ್ವ ನನ್ನನ್ನು ಕೂರಿಸಿ ನೀರು ಕೊಟ್ಟಳು.

'ನನಗ ಮೊದಲನೇ ದಿನವೇ ಗೊತ್ತಾತಪಾ. ದಿನಾ ನೂರು ಕೈಗೆ ಬಳಿ ಏರಿಸೋಳು, ನನ್ನ ಬೆರಳಿಗೆ ತಿಳೀಲಾರದೇನು?'

'ಮತ್ತ ಯಾಕ ಬಂದು ಕೇಳಲಿಲ್ಲ?'

'ತಿರುಗಿ ಕೊಟ್ರ ಬ್ಯಾರೇದು ಎಲ್ಲಿ ಸಿಗತಿತ್ತು? ಲಗೂ ಇಳಿತೀನಿ, ಎರಡು ಓಣಿಗೆ ಹೋಗೋದು ಬಿಟ್ಟೀನಿ.' ನನ್ನ ಲೋಟಕ್ಕೆ ಮತ್ತಷ್ಟು ನೀರು ಬಿಟ್ಟು ಅಂದಳು, 'ಕಾಶವ್ವಗ ಒಂದು ಮಾತು ಹೇಳಬೇಕಿತ್ತು ನಾನು. ನಿನ್ನ ಅಕ್ಕ ಅಲ್ಲೇನು, ಆಕಿಗೆ ಬ್ಯಾರೇದು ಹಾಕಿರ್ತೀ ಅಂದ್ಕೊಂಡೆ.'

ಲೋಟ ಕೆಳಗಿಟ್ಟು ಎದ್ದೆ.

ಹನ್ನೆರಡನೇ ಓಣಿ ಮುಟ್ಟುವಾಗ ಮಧ್ಯಾಹ್ನವಾಗಿತ್ತು. ರಾಜೇಸಾಬ ಸೈಕಲ್ಲು ಬಿಚ್ಚಿ ಹೊರಡುವ ತಯಾರಿಯಲ್ಲಿದ್ದ. ಕೂಸಿಗೆ ಮೂರು ದಿನದಿಂದ ಜ್ವರ. ಔಷಧಿ ಕೊಡುವವರು ಇರುವುದು ಮೂರನೇ ಓಣಿಯಲ್ಲಿ. ದಿನಾ ಹೋಗಿ ಅಂದಂದಿನ ಔಷಧಿ ತರಬೇಕು. ನಾನು ಹೇಳಿದ್ದನ್ನು ಕೇಳಿ ಅವನು ಬೈಯಲಿಲ್ಲ. ಸೈಕಲ್ಲಿನ ಕೀಲನ್ನು ನೋಡಿದ, ಒಳಗೆ ತೊಟ್ಟಿಲು ತೂಗುತ್ತಿದ್ದ ಹುಸೇನಬಿಯ ಕಡೆ ನೋಡಿದ. 'ಲಗೂ ಇಳಿದ್ರ ನಾ ಮೂರನೇ ಓಣಿಗೆ ಹೋಗಿ ಬರೂದು ಆಗಂಗಿಲ್ಲ ಮೋನಪ್ಪಣ್ಣಾ. ಈಗೇನ್ ಮಾಡ್ಲಿ? ನೀವೇ ಹೇಳ್ರಿ' ಎಂದ.

ಚೀಲದಲ್ಲಿ ಹತಾರಗಳಿದ್ದವು. ಅವನ ಬಾಗಿಲಲ್ಲೇ ಕೂತು ನನ್ನ ಸೈಕಲ್ಲಿನಿಂದ ಅಪ್ಪನ ಕೀಲನ್ನು ಬಿಚ್ಚಿದೆ. ಮೂವತ್ತು ವರ್ಷದಿಂದ ಕೂತ ಕೀಲು ಸುಲಭಕ್ಕೆ ಬರಲಿಲ್ಲ. ಅದನ್ನು ಅವನ ಸೈಕಲ್ಲಿಗೆ ಹಾಕಿ, ಅವನ ಕರೀ ಕೀಲನ್ನು ನನ್ನದಕ್ಕೆ ಹಾಕಿಕೊಂಡೆ. ಮುಗಿಯುವಾಗ ಓಣಿಯಲ್ಲಿ ನೆರಳು ಉದ್ದವಾಗಿತ್ತು, ಎದುರು ಗೋಡೆ ಆಗಲೇ ಸಾಕಷ್ಟು ಈಚೆ ಬಂದಿತ್ತು. ಪದ್ಧತಿಯಂತೆ ರಾಜೇಸಾಬ ಉಸಿರು ಹಿಡಿದು ತನ್ನ ಕೈಯಾರೆ ಮಡಚಿದ. ಟಕ್. ಅವನ ಎದೆ ಇನ್ನೂ ಉಬ್ಬಿಯೇ ಇತ್ತು. ಉಸಿರು ಬಿಟ್ಟು, 'ನಿನ್ನಿನ ಔಷಧಿ ಒಂದು ಗುಟುಕು ಉಳದೈತಿ, ಇವತ್ತ ಅದನ್ನ ಕುಡಸ್ತೀವಿ, ನಾಳೆ ಹೋಗಿ ತರ್ತೀನಿ' ಎಂದು ಎಲೆಯಡಿಕೆ ಕೊಟ್ಟ. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡೆ.

'ಹೊತ್ತಾತು. ಇವತ್ತ ಇಲ್ಲೇ ಇರ್ರಿ ಅಣ್ಣಾ' ಎಂದಳು ಹುಸೇನಬಿ. ಅಕ್ಕನಿಗೂ ಇದೇ ಮಾತು ಹೇಳಿದ್ದು ಅವಳಿಗೆ ನೆನಪಾಯಿತೆಂದು ಕಾಣುತ್ತದೆ, ಸೆರಗು ಬಾಯಿಗಿಟ್ಟುಕೊಂಡಳು.

'ಅಕ್ಕಗ ಉಣಸಬೇಕವಾ' ಎಂದು ಹೊರಟೆ.

ಲಗೂ ಇಳಿದು ಮಡಚಿಕೊಂಡಿದ್ದರೆ ನಾನು ಏಳನೇ ಓಣಿಯಲ್ಲೇ ಉಳಿಯಬೇಕಿತ್ತು. ಎಷ್ಟು ತುಳಿದರೂ ಗೋಡೆ ನನಗಿಂತ ಮುಂದಿತ್ತು. ಎರಡನೇ ಓಣಿಯಲ್ಲಿ ಮೊಣಕೈ ತರಚಿತು. ನಮ್ಮ ಓಣಿಯ ತಿರುವಿನಲ್ಲಿ ಹ್ಯಾಂಡಲ್ಲಿನ ಎರಡೂ ತುದಿ ಒಟ್ಟಿಗೇ ತಾಗಿದವು. ಇಳಿದೆ. ಮನೆಗೆ ಹತ್ತು ಹದಿನೈದು ಹೆಜ್ಜೆ. ಉಸಿರು ಹಿಡಿದು ಒತ್ತಿ ಮಡಚಿದೆ. ನಾಲಿಗೆ ಬೀಳಲಿಲ್ಲ. ಕಿರುಬೆರಳು ಹಾಕಲು ಹೋದೆ. ಕುಲುಮೆಯ ಬೆಳಕಿನಲ್ಲಿ ಅಷ್ಟು ಸಲೀಸಾಗಿ ಆಡಿದ ಬೆರಳು ಅಲ್ಲಿ ತಡಕಾಡಿತು. ಸೈಕಲ್ಲು ಬಿಚ್ಚಿಕೊಂಡಿತು. ಮತ್ತೆ ಅದುಮಿದೆ. ಇನ್ನೊಂದೇ ಸಲ, ಇನ್ನೇನು ಬಿದ್ದೇ ಬಿಟ್ಟಿತು ಎನ್ನಿಸುತ್ತಿತ್ತು. ಗೆಣ್ಣುಗಳ ಮೇಲೆ ಗೋಡೆಯ ತಣ್ಣಗಿನ ಮಣ್ಣು ತಾಗಿತು. ನಾನು ಕೈ ಬಿಟ್ಟೆ. ನನ್ನ ಕೀಲು ಎಂಥದ್ದೆಂದು ನನಗೆ ಗೊತ್ತಿತ್ತಲ್ಲ.

ಅಡ್ಡಡ್ಡ ನಡೆದು, ಎದೆಯೂ ಬೆನ್ನೂ ತರಚಿಕೊಂಡು, ಬಾಗಿಲೊಳಗೆ ಬಿದ್ದೆ. ಹಿಂದೆ ಸೈಕಲ್ಲು ಬಿಚ್ಚಿಕೊಂಡೇ ನಿಂತಿತ್ತು. ಗೋಡೆ ಅದನ್ನು ಹಿಡಿದ ಸದ್ದು ಕೇಳಿಸಿತು. ಎರಡು ತಿಂಗಳಿಂದ ಎಣ್ಣೆ ಕಾಣದ ಕೀಲು, ಕಿರ್ರೆಂದು ಒದರುತ್ತಿತ್ತು.

ಗೂಟ ಖಾಲಿಯಿರುವುದು ಕತ್ತಲೆಯಲ್ಲಿ ಅಕ್ಕನಿಗೆ ಕಾಣುತ್ತಿರಲಿಲ್ಲ. ಮಲಗಿದಲ್ಲಿಂದಲೇ ಕೇಳಿದಳು: 'ಮಡಚಿದೇನೋ?'

'ಇಲ್ಲಕ್ಕಾ. ನಾಲಿಗಿ ಬೀಳಲಿಲ್ಲ. ಕೈ ಬಿಟ್ಟೆ.'

ಅವಳು ಹೊರಗಿನ ಸದ್ದು ಕೇಳುತ್ತಾ ಇದ್ದಳು. ನಾನು ದೀಪ ಹಚ್ಚಿ, ರೊಟ್ಟಿಯ ಬುಟ್ಟಿ ತಂದು ಅವಳ ಪಕ್ಕ ಕೂತೆ.

'ಬಿಡಬೇಕಂತ ನನಗೂ ಅನಿಸಿತ್ತು ತಮ್ಮಾ' ಎಂದಳು. 'ಆದ್ರ ನೀ ಮಾಡಿದ ಕೀಲಲ್ಲೇನು, ಇನ್ನೇನ್ ಬೀಳತೈತಿ ಅಂತ ಹಿಡಕೊಂಡೇ ನಿಂತೆ.'

ಹೊರಗೆ ಕೀಲು ಬಹಳ ಹೊತ್ತು ಒದರಿ ಆಮೇಲೆ ಮುರಿಯಿತು. ನಾನು ರೊಟ್ಟಿ ಮುರಿದು, ಬೇಳೆಯಲ್ಲಿ ಅದ್ದಿ, ಅವಳ ಬಾಯಿಗೆ ಹಿಡಿದೆ. ಅವಳು ಬಾಯಿ ತೆರೆಯುವವರೆಗೆ ಹಾಗೇ ಹಿಡಿದುಕೊಂಡು ಕೂತಿದ್ದೆ.